ಮೊದಲ ಹಾಲಿನ ಕಲ್ಲು ಮತ್ತು ನನ್ನ ಎರಡು ಜನ್ಮದಿನಗಳು

ಸಾಮಾಜಿಕ ಜಾಲತಾಣದ ನನ್ನ ಖಾತೆ ಅಮಾನತಾಗಿದೆ ಎಂಬ ಸೂಚನೆ ಫೋನಿಗೆ ಬಂದದ್ದು ಯುಗಾದಿಗೆ ಹದಿನೇಳು ದಿನ ಮೊದಲು, ಒಂದು ಗುರುವಾರ ಬೆಳಿಗ್ಗೆ. ಹದಿನೆಂಟು ಎಂದು ನೆನಪಿತ್ತು. ದಿನಚರಿ ನೋಡಿ ತಿದ್ದಿಕೊಂಡಿದ್ದೇನೆ. ಫೋನು ಬದಲಾಯಿಸಿದ್ದೆ. ಹೊಸದರಿಂದ ಖಾತೆಯೊಳಗೆ ಹೋಗಲು ಯತ್ನಿಸಿದಾಗ ಅದು ನನ್ನನ್ನು ನಾನೆಂದು ನಂಬಲಿಲ್ಲ. ಮೂವತ್ತು ದಿನಗಳೊಳಗೆ ಗುರುತು ಸಾಬೀತಾಗದಿದ್ದರೆ ಖಾತೆಯೂ ಅದರಲ್ಲಿದ್ದ ಎಲ್ಲವೂ ಶಾಶ್ವತವಾಗಿ ಅಳಿದುಹೋಗುತ್ತವೆ ಎಂದು ಬರೆದಿತ್ತು.

ಹರಟೆಗೆಂದು ನಾನು ಆ ಖಾತೆ ತೆರೆದವಳಲ್ಲ. ನಿವೃತ್ತಿಯ ಅನಂತರ ಯಲಹಂಕ, ಅಟ್ಟೂರು, ಜಕ್ಕೂರುಗಳ ಸುತ್ತ ಉಳಿದಿದ್ದ ವೀರಗಲ್ಲುಗಳ ಚಿತ್ರ ತೆಗೆದು ಅಲ್ಲಿ ಹಾಕುತ್ತಿದ್ದೆ. ಜಕ್ಕೂರಿನ ಹಳೆಯ ಊರಿನ ಹಿಂದೆ ಒಂದು ಕಲ್ಲಿತ್ತು. ಮೇಲೆ ಬಿಲ್ಲು ಹಿಡಿದ ವೀರ, ಕೆಳಗಿನ ಪಟ್ಟಿಕೆಯಲ್ಲಿ ಮೂರು ಹಸುಗಳು. ಅಕ್ಷರ ಒಂದೂ ಇಲ್ಲ. ಆ ಚಿತ್ರದ ಕೆಳಗೆ ಊರಿನವರೊಬ್ಬರು ತಮ್ಮ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದರು. ಹಸು ಕರು ಹಾಕಿದಾಗ ಮೊದಲ ಹಾಲನ್ನು ಆ ಕಲ್ಲಿಗೆ ಒಪ್ಪಿಸುತ್ತಿದ್ದ ಪದ್ಧತಿಯ ವಿವರ ಅದು. ದನಗಳನ್ನು ಉಳಿಸಲು ಹೋರಾಡಿ ಸತ್ತವನ ಕಲ್ಲಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ಗ್ರಂಥದಲ್ಲೂ ನನಗೆ ಸಿಕ್ಕಿರಲಿಲ್ಲ. ಈಗ ಕಲ್ಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ವಾಹನ ನಿಲುಗಡೆ ಇದೆ. ಕಲ್ಲು ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಾರರು. ಅಜ್ಜಿ ತೀರಿಕೊಂಡರು, ಬರೆದವರು ಊರು ಬಿಟ್ಟಿದ್ದಾರೆ. ಪ್ರತಿಯೊಂದು ಟಿಪ್ಪಣಿಗೂ ಎರಡು ಪ್ರತಿ ಇರಲಿ ಎಂದು ಸಂಶೋಧನಾ ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದ ನಾನು ಆ ಮಾತುಗಳನ್ನು ಒಮ್ಮೆಯೂ ನಕಲು ಮಾಡಿಕೊಂಡಿರಲಿಲ್ಲ.

ಆಧಾರ್ ಚೀಟಿಯ ಚಿತ್ರ ಕಳಿಸಿದೆ. ಜನ್ಮದಿನಾಂಕ ಹೊಂದುತ್ತಿಲ್ಲ ಎಂದು ಉತ್ತರ ಬಂತು.

ಹೊಂದುವುದು ಸಾಧ್ಯವೂ ಇರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತೆಂದು ತೀರ್ಮಾನಿಸುತ್ತಿದ್ದ ಕಾಲ ನನ್ನದು. ನಾನು ಕಿವಿ ಮುಟ್ಟಿದೆ. ಹೆಡ್‌ಮಾಸ್ತರು ವಯಸ್ಸು ಸಾಲುವಂಥ ಒಂದು ತಾರೀಖನ್ನು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಆಧಾರಿನವರೆಗೂ ನಡೆದುಬಂದದ್ದು ಅದೇ ತಾರೀಖು. ನಿವೃತ್ತಿಯ ಮರುವರ್ಷ ನನ್ನ ಜಾತಕದ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಎರಡು ಪಂಚಾಂಗಗಳೊಡನೆ ಹೋಲಿಸಿ ನಿಜವಾದ ದಿನ ಗೊತ್ತುಮಾಡಿದೆ. ಮಾಸ್ತರರದು ಹತ್ತು ತಿಂಗಳು ಹಿಂದಿನದು. ಸ್ವಂತ ಖಾತೆಯಲ್ಲಾದರೂ ಸತ್ಯವಿರಲಿ ಎಂದು ಜಾತಕದ ದಿನವನ್ನೇ ನಮೂದಿಸಿದ್ದೆ.

ಇದನ್ನೆಲ್ಲ ಎರಡು ಪುಟಗಳಲ್ಲಿ ಅಡಿಟಿಪ್ಪಣಿ ಸಮೇತ ಬರೆದು, ಜಾತಕದ ಚಿತ್ರವನ್ನೂ ಲಗತ್ತಿಸಿ ಮೇಲ್ಮನವಿ ಕಳಿಸಿದೆ. ನಾಲ್ಕು ನಿಮಿಷಗಳಲ್ಲಿ ತಿರಸ್ಕೃತವಾಯಿತು. ಇನ್ನು ಒಂದೇ ಅವಕಾಶ ಎಂಬ ಸಾಲು ಕೆಂಪು ಅಕ್ಷರಗಳಲ್ಲಿತ್ತು.

ಅಲ್ಲಿಂದ ದಿನ ಎಣಿಸುವುದೇ ನನ್ನ ಕೆಲಸವಾಯಿತು. ಗಡುವು ನಮ್ಮ ಗಡಿಯಾರದ್ದೋ ಅವರ ದೇಶದ್ದೋ? ಸೂಚನೆ ಬಂದ ದಿನವೂ ಲೆಕ್ಕಕ್ಕೆ ಸೇರುತ್ತದೆಯೋ? ನಾಲ್ಕು ಬಗೆಯಲ್ಲಿ ಎಣಿಸಿ, ಎಲ್ಲಕ್ಕಿಂತ ಬೇಗ ಮುಗಿಯುವ ಎಣಿಕೆಯನ್ನು ಹಿಡಿದುಕೊಂಡೆ. ಅದರ ಪ್ರಕಾರ ಎರಡು ದಿನ ಉಳಿದಾಗ ಯಲಹಂಕ ಉಪನಗರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿ ನಡೆಸುವವರು ಬಾಗಲಕೋಟೆ ಕಡೆಯ ಹೆಣ್ಣುಮಗಳು. ಓಣಿಯವರ ಆನ್‌ಲೈನ್ ಅರ್ಜಿಗಳೆಲ್ಲ ಅವರ ಕೈಯಿಂದಲೇ ಹೋಗುತ್ತವೆ. ನನ್ನ ಮೇಲ್ಮನವಿಯನ್ನು ಓದಿ ಅವರು ತಲೆ ಎತ್ತಿದರು.

“ಜಾತಕಾ ಕಳಿಸೀರೇನ್ರಿ, ಅಕ್ಕಾರ? ಅವ್ರೇನ್ ನಿಮಗ ವರಾ ನೋಡಾಕತ್ಯಾರೇನು?”

ನನಗೆ ನಗು ಬರಲಿಲ್ಲ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಇಲ್ಲಿ ನೋಡ್ರಿ. ಇದಕ್ಕೊಂದು ಟಿಕ್ ಹಾಕಿದ್ರ ಮುಗೀತು.”

ಪುಟದ ಕೊನೆಯಲ್ಲಿ ಒಂದು ಚಿಕ್ಕ ಚೌಕವಿತ್ತು. ನಾನು ಹಿಂದೆ ಕೊಟ್ಟ ಜನ್ಮದಿನಾಂಕ ತಪ್ಪು, ಗುರುತಿನ ಚೀಟಿಯಲ್ಲಿರುವುದೇ ಸರಿ ಎಂಬ ಘೋಷಣೆ ಅದರ ಪಕ್ಕದಲ್ಲಿತ್ತು.

“ಇದು ಸುಳ್ಳು,” ಎಂದೆ.

“ಸುಳ್ಳರ ಆಗ್ಲಿ, ಖರೇನರ ಆಗ್ಲಿ. ನಿಮಗ ಖಾತೆ ಬೇಕೋ ಬ್ಯಾಡೋ?”

ನಾಳೆ ಬರುತ್ತೇನೆಂದು ಹೊರಗೆ ಬಂದುಬಿಟ್ಟೆ. ಸುಳ್ಳು ದಿನಾಂಕಕ್ಕೆ ತಿಳಿದೂ ತಿಳಿದೂ ರುಜು ಹಾಕಿದವರ ಬರಹವನ್ನು ನಾನು ಒಂದು ಜೀವಮಾನವಿಡೀ ಅನುಮಾನದಿಂದ ಓದಿದ್ದೇನೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ವಿದ್ಯಾರಣ್ಯಪುರದ ಅಕ್ಕನಿಗೆ ಫೋನು ಮಾಡಿದೆ. ನನ್ನನ್ನು ಶಾಲೆಗೆ ಸೇರಿಸಿದ ದಿನ ಜೊತೆಯಲ್ಲಿದ್ದವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ.

“ಕಿವಿ ಮುಟ್ಟಿದೆ ಅಂತ ಇನ್ನೂ ನಂಬ್ಕೊಂಡಿದೀಯೇನೇ?” ಎಂದಳು. “ನಿನ್ನ ಕೈ ಕಿವಿ ಹತ್ರಾನೂ ಬರ್ಲಿಲ್ಲ ಕಣೇ. ಹಿಂದೆ ನಿಂತು ಮೊಣಕೈ ತಳ್ಳಿದ್ದು ನಾನು. ಮೇಷ್ಟ್ರು ನೋಡಿದ್ರು, ನಕ್ಕು ಬರ್ಕೊಂಡ್ರು. ಆ ಸುಳ್ಳಲ್ಲೇ ಓದ್ದೆ, ಕೆಲಸ ಹಿಡಿದೆ, ರಿಟೈರೂ ಆದೆ. ಈಗ ಒಂದು ಟಿಕ್ ಹಾಕೋಕೆ ಮಡಿ ಬಂತಾ?”

ಅಕ್ಕನ ಹೇಳಿಕೆಗೆ ಬೇರೆ ಆಧಾರವಿಲ್ಲ ಎಂಬುದು ಮೊದಲು ಹೊಳೆಯಿತು. ಫೋನು ಇಟ್ಟು ಮನೆಯ ಬಸ್ಸು ಹತ್ತಿದೆ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಚೌಕದಲ್ಲಿ ಗುರುತು ಹಾಕಿದ್ದು ನಾನೇ. ಅವರ ಕೈಯಿಂದ ಹಾಕಿಸಲು ಮನಸ್ಸು ಒಪ್ಪಲಿಲ್ಲ. ಈ ಸಲ ನಾಲ್ಕು ನಿಮಿಷ ಕಳೆಯಿತು, ಉತ್ತರವಿಲ್ಲ. ಒಂದು ಗಂಟೆಯಾಯಿತು. ಮಧ್ಯಾಹ್ನ ಕರೆಂಟು ಹೋಗಿ ಬಂತು. ಅಂಗಡಿಯಾಕೆ ತಮ್ಮ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟರು. ಸುಳ್ಳನ್ನೂ ಹೇಳಿ ಸಾಕ್ಷ್ಯವನ್ನೂ ಕಳೆದುಕೊಂಡೆನೇನೋ ಎಂದುಕೊಳ್ಳುತ್ತಿದ್ದಂತೆ, ನಾಲ್ಕೂವರೆಯ ಸುಮಾರಿಗೆ ಖಾತೆ ತೆರೆದುಕೊಂಡಿತು.

ನೇರವಾಗಿ ಆ ಚಿತ್ರದ ಕೆಳಗೆ ಹೋದೆ. ಇತ್ತು.

“ನಮ್ಮಜ್ಜಿ ಏಳ್ತವ್ರೆ: ಅಸ ಈದ್ರೆ ಮೊದ್ಲು ಕರೆದ ಆಲ್ನ ಕಲ್ಲಲ್ಲಿರೋ ಅಸೀನ ಬಾಯ್ಗೆ ಒರೆಸ್ಬೇಕು. ಮೇಗಿರೋ ದೇವ್ರಿಗ್ ಬ್ಯಾಡ. ಅವನು ಕಾಯೋನು, ಕುಡ್ಯೋನಲ್ಲ.”

ಎರಡು ಸಲ ಓದಿದೆ. ಇಷ್ಟು ದಿನವೂ ನನ್ನ ನೆನಪಿನಲ್ಲಿ ಆ ಹಾಲು ಸುರಿಯುತ್ತಿದ್ದದ್ದು ವೀರನ ತಲೆಯ ಮೇಲೆ. ಖಾತೆ ಅಳಿದಿದ್ದರೆ ಹಾಗೆಂದೇ ಬರೆಯುತ್ತಿದ್ದೆ. ತಿದ್ದುವವರು ಯಾರೂ ಉಳಿದಿರುತ್ತಿರಲಿಲ್ಲ.

ಅಂಗಡಿಯಲ್ಲಿಯೇ ಎರಡು ಪ್ರತಿ ತೆಗೆಸಿದೆ. ಸಾಲದೆಂದು, ಮನೆಗೆ ಬಂದು ಆ ಮಾತುಗಳನ್ನು ಅಕ್ಷರ ಬದಲಿಸದೆ ನೋಟುಪುಸ್ತಕಕ್ಕೆ ಇಳಿಸಿ, ನಕಲು ಮಾಡಿದ ದಿನವನ್ನೂ ವೇಳೆಯನ್ನೂ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಈ ಖಾತೆಯಲ್ಲಿ ಕಾಣುವ ಖಾತೆದಾರಳ ಜನ್ಮದಿನಾಂಕ ಸರಿಯಲ್ಲ, ತಿಳಿದೇ ಕೊಟ್ಟದ್ದು.