ಅರಿವಿ ಸುತ್ತಿದ ಕಂಬ

ಮಮದಾಪುರದ ಬಸ್ ತಂಗುದಾಣದ ಕಂಬಕ್ಕೆ ಕಬ್ಬಿನ ಟ್ರ್ಯಾಕ್ಟರ್ ತಾಗಿದಾಗ ಕಂಬ ಹಪ್ಪಳದಂತೆ ಪುಡಿಯಾಗಿ, ಚಾವಣಿಯು ಒಳಗೆ ಬಸ್ಸಿಗೆ ಕಾಯುತ್ತಿದ್ದ ಅಪ್ಪನ ಕಾಲ ಮೇಲೆ ಬಿತ್ತು. ಅದನ್ನು ಕಟ್ಟಿಸಿದ್ದ ಗುತ್ತಿಗೆದಾರ ಗೋಕಾಕದ ದವಾಖಾನೆಗೆ ಬಂದು, "ಹಣೇಬರಾ ಬಿಡ್ರಿ," ಎಂದು ಹೇಳಿ ಹೋದ. ಅಪ್ಪ ಮತ್ತೆ ನೆಟ್ಟಗೆ ನಡೆಯಲಿಲ್ಲ. ಆಗ ಚಿಕ್ಕವಳಿದ್ದ ನಾನು ಓದಿ ಎಂಜಿನಿಯರ್ ಆದೆ.

ಹೋದ ವರ್ಷ ಘೋಡಗೇರಿ ಹತ್ತಿರದ ಸೇತುವೆಯ ದುರಸ್ತಿಗೆ ಅದೇ ಗುತ್ತಿಗೆದಾರ ಬಂದ. ತಪಾಸಣೆ ನನ್ನದು. ಅವನಿಗೆ ನನ್ನ ಗುರುತು ಸಿಗಲಿಲ್ಲ. ಗಾಜಿನ ನಾರಿನ ಬಟ್ಟೆಯನ್ನು, ಅಂಟಿನಂತೆ ಹಿಡಿದು ಗಟ್ಟಿಯಾಗುವ ರಾಳದಲ್ಲಿ ಅದ್ದಿ ಕಂಬಗಳಿಗೆ ಸುತ್ತಬೇಕು ಎಂದೆ.

"ಅರಿವಿ ಸುತ್ತಿದ್ರ ಕಾಂಕ್ರೀಟ್ ಗಟ್ಟಿ ಆಗತೈತೇನ್ರಿ ಮೇಡಂ?" ಎಂದು ಎಲ್ಲರೆದುರು ನಕ್ಕ.

ಮರುವಾರ ಎರಡು ಕಾಂಕ್ರೀಟ್ ತುಂಡು ತರಿಸಿದೆ. ಒಂದಕ್ಕೆ ಮಾತ್ರ ಬಟ್ಟೆ ಸುತ್ತಿಸಿದ್ದೆ. ದೊಡ್ಡ ಸುತ್ತಿಗೆಯನ್ನು ಅವನ ಕೈಗೇ ಕೊಟ್ಟೆ. ಬರಿಯ ತುಂಡು ಬೇಗನೆ ಚೂರಾಯಿತು. ಬಟ್ಟೆ ಸುತ್ತಿದ್ದು ಏಟು ಬಿದ್ದಲ್ಲಿ ಬೆಳ್ಳಗಾಯಿತು, ಒಡೆಯಲಿಲ್ಲ.

"ಇನ್ನೂ ಹೊಡೀರಿ," ಎನ್ನುತ್ತಲೇ ಇದ್ದೆ, ಅವನ ತೋಳು ಸೋಲುವವರೆಗೆ. ಆಮೇಲೆ ನಾನು ಯಾರ ಮಗಳೆಂದು ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

ಕೆಲಸ ನಡೆದಷ್ಟು ದಿನವೂ, ಬಟ್ಟೆಯಡಿ ಗಾಳಿಗುಳ್ಳೆ ಕಂಡಲ್ಲೆಲ್ಲ ಕೀಳಿಸಿ ಮತ್ತೆ ಸುತ್ತಿಸಿದೆ. ಅವನನ್ನು ಬಿಸಿಲಲ್ಲೇ ನಿಲ್ಲಿಸಿದೆ. ನಿಯಮದ ಪ್ರಕಾರ ಕೀಳಿಸಿದ್ದು ಸರಿಯೇ. ಆದರೆ ನಾನು ಕೀಳಿಸಿದ್ದು ನಿಯಮಕ್ಕಾಗಿ ಅಲ್ಲ.