ತಾಲೀಮಿನ ಚಿನ್ನದ ಪದಕ

ಹೂಟಗಳ್ಳಿಯ ಕೆಂಚಮ್ಮನಿಗೆ ಎಷ್ಟು ಚಿನ್ನದ ಪದಕ ಬಂದಿವೆ ಎಂದು ಕೇಳಿದರೆ ಅವಳಿಗೇ ಲೆಕ್ಕ ತಪ್ಪೀತು. ನಗಬೇಡಿ, ಸುಳ್ಳಲ್ಲ. ವಿಶ್ವವಿದ್ಯಾನಿಲಯದ ಘಟಿಕೋತ್ಸವದ ಮುನ್ನಾದಿನ ತಾಲೀಮು ನಡೆಯುತ್ತದಲ್ಲ, ಅವತ್ತು ನಿಜವಾದ ಜಾಣರು ಯಾರೂ ಬಂದಿರುವುದಿಲ್ಲ. ಅವರ ಬದಲಿಗೆ ಕಚೇರಿಯ ಅಟೆಂಡರುಗಳೇ ಮುಂದಿನ ಸಾಲಿನಲ್ಲಿ ಕೂತಿದ್ದು, ಹೆಸರು ಕೂಗಿದಾಗ ಎದ್ದು, ವೇದಿಕೆ ಹತ್ತಿ, ಕತ್ತು ಬಗ್ಗಿಸಿ ಇಳಿಯಬೇಕು. ಕುಲಾಧಿಪತಿಗಳ ಕುರ್ಚಿಯಲ್ಲಿ ಡ್ರೈವರ್ ಚೆಲುವರಾಜು. ಪದಕ ಗಿದಕ ಏನೂ ಇಲ್ಲ, ಬರಿಗೈ.

ಉಳಿದವರಿಗೆ ಇದು ಆಕಳಿಕೆ ಬರಿಸುವ ಕೆಲಸ. ಕೆಂಚಮ್ಮನಿಗೆ ಹಾಗಲ್ಲ. ರಸಾಯನಶಾಸ್ತ್ರದ ರಕ್ಷಿತಾ ಎಂದು ಕೂಗಿದರೆ, ಮೆಟ್ಟಿಲು ಹತ್ತುವಷ್ಟರಲ್ಲಿ ಬಿಳಿ ಕೋಟು ತೊಟ್ಟು ಗಾಜಿನ ಸೀಸೆಗಳ ನಡುವೆ ಓಡಾಡಿ ಬಂದಿರುತ್ತಿದ್ದಳು. ಇತಿಹಾಸದ ಸಮನ್ವಿತಾ ಎಂದರೆ ಯಾವುದೋ ಹಾಳುಕೋಟೆಯ ಮೇಲೆ ಗಾಳಿಗೆ ಸೆರಗೊಡ್ಡಿ ನಿಂತಿರುತ್ತಿದ್ದಳು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒಂದೇ ಬೆಳಗ್ಗೆ ಎಷ್ಟೆಲ್ಲ ಓದಿಬಿಡುತ್ತಿದ್ದಳು!

ಆದರೆ ಒಂದು ಆಸೆ ಉಳಿದೇ ಇತ್ತು. ಆ ಮೈಕಿನಲ್ಲಿ ಒಂದು ಸಲ ತನ್ನ ಹೆಸರೂ ಬರಬೇಕು. ತಿಂಗಳ ಕೊನೆಗೆ ನಿವೃತ್ತಿ. ಇದೇ ಕಡೆಯ ತಾಲೀಮು. ಹೆಸರು ಓದುವ ಸೂಪರಿಂಟೆಂಡೆಂಟ್ ಮಹದೇವಪ್ರಸಾದರನ್ನು ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಸಾರ್, ಕೊನೇಲಿ ಒಂದ್ಸಲ ನನ್ ಹೆಸ್ರು ಕೂಗ್ಬುಡಿ ಸಾರ್."

"ಇದೇನ್ ಹುಡುಗಾಟಾನೇನ್ರೀ? ಹೋಗಿ ಕೂತ್ಕೊಳ್ಳಿ."

ಸಿಡುಕದೆ ನೀರೂ ಕುಡಿಯದ ಮನುಷ್ಯ ಅವರು, ಬಿಡಿ. ಆದರೂ ಕೆಂಚಮ್ಮನ ಮುಖ ಸಪ್ಪಗಾಯಿತು.

ತಾಲೀಮು ಸಾಗಿತು. ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು ಖಾಲಿ ಕುರ್ಚಿಗಳ ಮೇಲೆ ಮೆಲ್ಲಗೆ ಹರಡಿಕೊಂಡಿತ್ತು. ಕೆಂಚಮ್ಮ ಯಾರಾರೋ ಆಗಿ ಹತ್ತಿದಳು, ಇಳಿದಳು. ಪಟ್ಟಿ ಮುಗಿಯಿತು. ಮಹದೇವಪ್ರಸಾದರು ಗಂಟಲು ಸರಿಮಾಡಿಕೊಂಡರು.

"ಶ್ರೀಮತಿ ಕೆಂಚಮ್ಮ."

ಕೆಂಚಮ್ಮ ಕದಲಲಿಲ್ಲ. ಯಾವ ಶಾಸ್ತ್ರ ಓದಿದ ಪುಣ್ಯವಂತೆಯೋ ಎಂದುಕೊಂಡು, ಬರುವವಳನ್ನು ನೋಡಲು ಬಾಗಿಲ ಕಡೆ ತಿರುಗಿದಳು.

"ನೀನೇ ಕಣಮ್ಮಿ, ಏಳು!" ಎಂದು ಪಕ್ಕದಲ್ಲಿದ್ದ ಅಟೆಂಡರ್ ಪುಟ್ಟತಾಯಮ್ಮ ತಿವಿದಾಗ ಸೆರಗು ಸರಿಮಾಡಿಕೊಂಡು ಎದ್ದಳು. ಕಂಡವರ ಹೆಸರಿಗೆಲ್ಲ ಸಲೀಸಾಗಿ ಹತ್ತಿದ ಕಾಲು ತನ್ನ ಹೆಸರಿಗೆ ಮೊದಲ ಮೆಟ್ಟಿಲಲ್ಲೇ ತಡವರಿಸಿತು. ಹೇಗೋ ಹತ್ತಿದಳು.

ಬೆಳಗ್ಗೆಯಿಂದ ಕೂತಲ್ಲೇ ಪದಕ ಹಾಕಿದಂತೆ ಕೈಯಾಡಿಸುತ್ತಿದ್ದ ಚೆಲುವರಾಜು ಕುರ್ಚಿ ಬಿಟ್ಟು ಎದ್ದು ನಿಂತ. ಎರಡೂ ಕೈ ಅವಳ ಕೊರಳ ಸುತ್ತ ತಂದು, ಇಲ್ಲದ ಪದಕವನ್ನು ಜೋಪಾನವಾಗಿ ತೊಡಿಸಿದ.

"ಇಳೀರಿ ಕೆಂಚಮ್ಮ, ಊಟಕ್ಕೆ ಹೊತ್ತಾಯ್ತು" ಎಂದರು ಮಹದೇವಪ್ರಸಾದರು.

ಅವಳು ಬಗ್ಗಿಸಿದ ಕತ್ತನ್ನು ಎಷ್ಟು ಹೊತ್ತಾದರೂ ಎತ್ತಲಿಲ್ಲ.