ಬಿಳಿ ಕಾರಿನ ಕೊಟ್ರಬಸಪ್ಪ

ಬಂಕಿಗೆ ಹೋದ ಕೂಡಲೇ ನಮ್ಮ ಮಾವ ಕಾರಿನಿಂದ ಇಳಿದು, ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. “ಏನ್ ಹಾಕ್ತಿ, ಮೊದಲ ಬಾಯಿಬಿಟ್ಟು ಹೇಳು” ಎನ್ನುವರು. ಬಂಕಿನವನು “ಡೀಸೆಲ್ ರೀ ಸಾವ್ಕಾರ್ರ, ಆರು ವರ್ಷಾತು, ಅದನ್ನ ಹಾಕಾಕತ್ತೀನಿ” ಎಂದು ನಕ್ಕ ಮೇಲೆಯೇ ಕೈ ಸರಿಯುತ್ತಿತ್ತು. ಯಾರದೋ ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದು ಎಂಜಿನ್ ಕೆಟ್ಟಿತ್ತೆಂದು ಕೇಳಿದಾಗಿನಿಂದ ಅವರಿಗೆ ಈ ದಿಗಿಲು.

ಕೊಟ್ಟೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನವರ ಒಬ್ಬಳೇ ಸೊಸೆ ನಾನು. ಅಂಗಡಿ ಮುಂದೆ ದೊಡ್ಡ ದೊಡ್ಡ ಗಾಡಿ ನಿಂತರೆ ಮಾವ ತಮ್ಮ ಪುಟ್ಟ ಬಿಳಿ ಕಾರಿನ ಬೆನ್ನು ತಟ್ಟಿ, “ಅವು ನಿಂತಲ್ಲೇ ಕುಡೀತಾವು. ಇದು ಡೀಸೆಲ್ ವಾಸನಿ ಮ್ಯಾಲ ಓಡ್ತೈತಿ. ಇಲ್ಲಿ ತುಂಬಿಸಿದ್ರ ಹಡಗಲಿ, ಹರಪನಹಳ್ಳಿ, ಉಚ್ಚಂಗಿದುರ್ಗ ಎಲ್ಲಾ ಸುತ್ತಿ ಬಂದ್ರೂ ಮುಳ್ಳು ಅಲ್ಲಾಡಂಗಿಲ್ಲ” ಎಂದು ಬೀಗುವರು. ಸುಳ್ಳು! ಮುಳ್ಳು ಚೆನ್ನಾಗಿಯೇ ಅಲ್ಲಾಡುತ್ತಿತ್ತು. ಹೇಳುವ ಧೈರ್ಯ ಯಾರಿಗಿತ್ತು?

ಆ ಕಾರನ್ನು ಬೇರೆ ಯಾರೂ ಓಡಿಸುವಂತಿರಲಿಲ್ಲ. ಹೆತ್ತ ಮಗನಿಗೂ, “ನೀ ಕ್ಲಚ್ ಮ್ಯಾಲ ಕಾಲಿಟ್ಕೊಂಡ ಕುಂದ್ರತಿ, ಬ್ಯಾಡಪ್ಪ” ಎಂದು ಕೈಮುಗಿದಿದ್ದರು. ಮದುವೆಗೆ ಮೊದಲೇ ಹಗರಿಬೊಮ್ಮನಹಳ್ಳಿಯಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡವಳು ನಾನು. ಅದನ್ನು ತೋರಿಸಿದರೆ, “ಕಾಗದ ಐತಿ ಯವ್ವಾ. ಅದರಾಗ ರಸ್ತಿ ಐತೇನು?” ಎಂದು ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿದಿತ್ತು.

ರಸ್ತೆಗೆ ಕುರಿ ಹಿಂಡು ಬಂದರೆ ಮಾತ್ರ ಆ ಮನುಷ್ಯನಂಥ ಸಮಾಧಾನಿ ಇಲ್ಲ. ಹಾರ್ನ್ ಒತ್ತುತ್ತಿರಲಿಲ್ಲ. ಎಂಜಿನ್ ಆರಿಸಿ, ಕೊನೆಯ ಕುರಿ ದಾಟುವವರೆಗೆ ಕುರಿಗಾರನ ಜೊತೆ ಮಳೆ ಬೆಳೆ ಮಾತಾಡುತ್ತ ಕೂರುವರು.

ಒಂದು ಸಂಜೆ ಕಾನಹೊಸಹಳ್ಳಿಯಿಂದ ನಾವಿಬ್ಬರೇ ಬರುತ್ತಿದ್ದೆವು. ಹಿಂಡು ದಾಟಿತೆಂದು ಮಾವ ಕಾರು ಮುಂದೆ ಬಿಟ್ಟರು. ಹಿಂದೆ ಉಳಿದಿದ್ದ ಒಂದು ಮರಿ ಬಂಪರಿಗೆ ತಾಗಿ ಉರುಳಿತು. ನಾನು ಚೀರಿದೆ. ಮರಿ ಎದ್ದು ಒದರುತ್ತ ತಾಯಿಯ ಕಡೆ ಓಡಿತು. ಮಾವ ಇಳಿದು, ಅದನ್ನು ಹಿಡಿಸಿ ತರಿಸಿ, ನಾಲ್ಕೂ ಕಾಲು ಮುಟ್ಟಿ ನೋಡಿದರು.

“ಏನೂ ಆಗಿಲ್ಲ ಬಿಡ್ರಿ ಸಾವ್ಕಾರ್ರ, ಸಂಜಿ ಹೊತ್ತು” ಎಂದ ಕುರಿಗಾರ.

“ಸಂಜಿದೇನು ತಪ್ಪಿಲ್ಲಪ್ಪ. ನನಗ ಕಾಣಲಿಲ್ಲ” ಎಂದರು ಮಾವ.

“ಮನಿಯಾಗ ಹೇಳೋದು ಬ್ಯಾಡ್ರಿ ಮಾವಾರ” ಎಂದು ನಾನು ಪಿಸುಗುಟ್ಟಿದೆ. ಅವರು ಕೀಲಿಯನ್ನು ನನ್ನ ಕೈಗಿಟ್ಟು, ಸುತ್ತಿ ಬಂದು ಎಡಗಡೆ ಕೂತರು. “ನಡಸು ಯವ್ವಾ.”

ನಾನು ಸೀಟು ಮುಂದೆ ಎಳೆದುಕೊಂಡು ಕೀಲಿ ತಿರುವಿದೆ.

ಮರುದಿನ ಅಂಗಡಿಗೆ ಬಂದವರಿಗೆಲ್ಲ ತಾವೇ ಹೇಳಿದರು: “ಕುರಿಮರಿಗೆ ಗುದ್ದೀನಿ. ಇನ್ನ ನಾ ಗಾಡಿ ಮುಟ್ಟಂಗಿಲ್ಲ. ನಮ್ಮ ಸೊಸಿ ಹೊಡೀತಾಳ.” ಮುಚ್ಚಿಡಬಹುದಾದ್ದನ್ನು ಊರಿಗೇ ಸಾರಿದರಲ್ಲ ಎಂದು ಮೊದಲು ನಾಚಿಕೆಯಾಯಿತು. ಆಮೇಲೆ, ಎಂಥ ಗಂಡಸಪ್ಪ ಇವನು ಎಂದು ಎದೆಯುಬ್ಬಿತು. ಆ ವಾರವೇ ಕರೆದೊಯ್ದು ತೋರಿಸಿದರೆ ಕಣ್ಣಿನ ಡಾಕ್ಟರು, ಹೋದ ನೋಟ ತಿರುಗಿ ಬರುವುದಿಲ್ಲ ಎಂದುಬಿಟ್ಟರು.

ಎರಡು ವರ್ಷ ಎಡಗಡೆ ಕೂತು ನನ್ನ ಜೀವ ತಿಂದರು. ಇಲ್ಲದ ಬ್ರೇಕು ತುಳಿಯುವರು. “ಗೇರ್ ಬದಲ್ಸು, ಎಂಜಿನ್ ಅಳಾಕತ್ತೈತಿ” ಎನ್ನುವರು. ಒಂದು ದಿನವೂ ಭೇಷ್ ಎನ್ನಲಿಲ್ಲ.

ಹೋದ ಶ್ರಾವಣದಲ್ಲಿ ಹರಪನಹಳ್ಳಿಯಿಂದ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರ ದನಿಯೇ ಇಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಹೆದರುತ್ತಲೇ ಬಂದೆ. ಮನೆ ಮುಂದೆ ಎಂಜಿನ್ ಆರಿಸಿದಾಗ ದಡಕ್ಕನೆ ಎಚ್ಚೆತ್ತರು.

“ಮನಿ ಬಂತೇನು?”

“ಬಂತ್ರಿ ಮಾವಾರ.”

“ಅಯ್ಯ ನಿನ್ನ! ನನ್ನ ಕಾರಿನ್ಯಾಗ ನಾನ ನಿದ್ದಿ ಮಾಡೀನಲ್ಲ!” ಎಂದು ನಾನೇ ಏನೋ ಕದ್ದವಳಂತೆ ಬೈದರು.

ಹದಿನೈದು ದಿನಕ್ಕೆ ಮಾವ ತೀರಿಕೊಂಡರು. ಕಾರಿನ ಆರ್‌ಸಿ ನನ್ನ ಹೆಸರಿಗೆ ಬಂದದ್ದು ಆಮೇಲೆ. ಕಾರು ನನ್ನದಾದದ್ದು ಅವರು ನನ್ನ ಪಕ್ಕ ಕೂತು ನಿದ್ದೆ ಹೋದ ಆ ದಿನವೇ.